ನಿಲ್ಲಿಸುವ ಗಾಡಿ

ಬೇರೆ ಮಿಸ್ತ್ರಿಗಳು ಕಿವಿಯ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡರೆ ನಮ್ಮ ಮಿಸ್ತ್ರಿ ಕಾಕಾ ಸಿಕ್ಕಿಸಿಕೊಳ್ಳುತ್ತಿದ್ದದ್ದು ಸೀಮೆಸುಣ್ಣದ ತುಂಡು. ಬಲಗಿವಿಯ ಮೇಲೆ ಸದಾ ಒಂದು ಬಿಳಿ ಗೆರೆ. ಅಲ್ಲಿನ ಕೂದಲು ನರೆತದ್ದೋ ಸುಣ್ಣ ಹತ್ತಿದ್ದೋ ಹೇಳುವುದು ಕಷ್ಟ. ಮಾತಿಗಿಂತ ಮೊದಲು ಅವರ ಕೈ ಕಿವಿಗೆ ಹೋಗುತ್ತಿತ್ತು. ಟೈರು, ಬಾನೆಟ್ಟು, ಗ್ಯಾರೇಜಿನ ಬಾಗಿಲು, ಎಲ್ಲಿ ಬೇಕಾದರಲ್ಲಿ ಗೆರೆ ಎಳೆದು ತಿಳಿಸಿ ಹೇಳುವರು. ಒಮ್ಮೆ ಮಾತಿನ ಭರದಲ್ಲಿ ನನ್ನ ಗಂಡನ ಅಂಗಿಯ ಬೆನ್ನ ಮೇಲೆಯೇ ಗಾಡಿಯ ಚಿತ್ರ ಬರೆದುಬಿಟ್ಟಿದ್ದರು.

ಕೊಪ್ಪಳದಿಂದ ಗಂಗಾವತಿಗೆ ಹೋಗುವ ರಸ್ತೆಯ ಬದಿಯಲ್ಲಿ ಅವರ ಗ್ಯಾರೇಜು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಜಗಳಕ್ಕೆ. ಸುಳ್ಳು ಯಾಕೆ ಹೇಳಲಿ, ಸೆರಗು ಸಿಕ್ಕಿಸಿಕೊಂಡೇ ಹೋಗಿದ್ದೆ.

ನಮ್ಮದು ಗಾಲಿಯ ಮೇಲಿನ ಖಾನಾವಳಿ. ಭತ್ತದ ಕಟಾವಿನ ಹೊತ್ತಿಗೆ ಗಂಗಾವತಿ ಕಡೆಗೆ ಕಟಾವಿನ ಮಷಿನ್ನುಗಳ ಜೊತೆ ಹೊರಗಿನ ಡ್ರೈವರುಗಳು, ಕೂಲಿಯವರು ಬರುತ್ತಾರೆ. ಅವರಿಗೆ ಗದ್ದೆಯ ಬದಿಯಲ್ಲೇ ಬಿಸಿ ರೊಟ್ಟಿ, ಪಲ್ಯ, ಅನ್ನ. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾದ ಸಂತೆಗಳು. ಇದಕ್ಕೆಂದು ತಗಡಿನ ಒಂದು ಗಾಲಿಮನೆ ಮಾಡಿಸಿದ್ದೆವು. ಮುಂದೆ ಮಲಗುವ ಹಲಗೆ, ಹಿಂದೆ ಒಲೆ, ಪಕ್ಕದಲ್ಲಿ ಎತ್ತಿ ಕಟ್ಟುವ ಕಿಟಕಿ. ಅದಕ್ಕೆ ಎಂಜಿನ್ ಇಲ್ಲ, ಎಳೆಯಲು ಇನ್ನೊಂದು ಗಾಡಿ ಬೇಕು. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ ಬೆನ್ನು ಸೋತಿದ್ದ ನನ್ನ ಗಂಡ, ತಮ್ಮನ ಟ್ರ್ಯಾಕ್ಟರ್ ಇದೆಯಲ್ಲ ಎಂದ. ಮಗಳನ್ನು ಎಲ್ಲಿ ಕೂರಿಸಲಿ, ಮಡಗಾರ್ಡಿನ ಮೇಲೋ ಎಂದು ನಾನು ಸಿಡುಕಿದೆ. ನನ್ನ ಕಣ್ಣು ಒಂದು ಹಳೆಯ ಬಿಳಿ ಕಾರಿನ ಮೇಲೆ ಬಿದ್ದಿತ್ತು. ಮಾರುವವನಿಗೆ ಮಾತು ಕೊಟ್ಟಾಗಿತ್ತು. ಕುಷ್ಟಗಿಯ ತವರಿಗೆ ಫೋನು ಮಾಡಿ, ಇನ್ನು ಮುಂದೆ ಕಾರಿನಲ್ಲೇ ಬರುತ್ತೇನೆ ಎಂದು ಡಂಗುರ ಹೊಡೆದದ್ದೂ ಆಗಿತ್ತು. ಈಗ ಆ ಕಾರಿನ ಹಿಂದೆ ಕೊಂಡಿ ಬೆಸೆದು ಕೊಡಲು ಈ ಮಿಸ್ತ್ರಿ ಒಲ್ಲೆ ಅಂದಿದ್ದರು.

"ಯಾಕ್ರಿ, ಆ ಕಾರು ಎಳಿಯಂಗಿಲ್ಲೇನ್ರಿ?" ಎಂದೆ.

ಅವರು ಸ್ಪ್ಯಾನರ್ ಕೆಳಗಿಟ್ಟು ಸಮಾಧಾನದಿಂದ ಕೈ ಒರೆಸಿಕೊಂಡರು. "ಎಳಿತೈತವ್ವ. ಎಳಿಯೋದು ಯಾವ ಗಾಡಿಗಾದ್ರೂ ಬರತೈತಿ. ನಿಲ್ಸೋದು ಯಾವುದಕ್ಕ ಬರತೈತಿ, ಅದನ್ನ ಹೇಳು."

"ಕಾರಿಗೆ ಬ್ರೇಕ್ ಇಲ್ಲೇನ್ರಿ?"

"ಕಾರಿಗೈತಿ. ಹಿಂದಿನ ನಿನ್ನ ಮನಿಗೆ ಐತೇನು?"

ಇರಲಿಲ್ಲ. ಅವರೇ ಮುಂದುವರಿಸಿದರು. "ಮೊದ್ಲ ಕಾಟಾಕ್ಕ ಹಾಕಿ ತೂಕ ಮಾಡಿಸ್ಕೊಂಡು ಬರ್ರಿ. ಆಮ್ಯಾಲ ಇಬ್ರೂ ಕುಂತು ಜಗಳಾಡೂಣು."

ಮರುದಿನವೇ ಗಾಲಿಮನೆಯನ್ನು ಖಾಲಿ ಮಾಡಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮೈದುನನ ಟ್ರ್ಯಾಕ್ಟರಿಗೆ ಕಟ್ಟಿ ಗಿರಣಿಯ ಕಾಟಾದ ಮೇಲೆ ನಿಲ್ಲಿಸಿ ತೂಕದ ಚೀಟಿ ತಂದೆವು. ನನ್ನ ಗಂಡ ಹದಿನೈದು ವರ್ಷ ಗಿರಣಿಯಲ್ಲಿ ದುಡಿದವನು. ಅಲ್ಲಿ ಖಾಲಿ ಗಾಡಿಯ ತೂಕವೇ ಗಾಡಿಯ ತೂಕ, ಮಿಕ್ಕದ್ದೆಲ್ಲ ಭತ್ತದ್ದು. ಅವನಿಗೂ ನನಗೂ ಬೇರೆ ಯೋಚನೆಯೇ ಹೊಳೆಯಲಿಲ್ಲ.

ಕಾಕಾ ಚೀಟಿ ನೋಡಿದರು, ಹೊಳೆಯುವ ಗಾಲಿಮನೆಯನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೆಣ್ಣ ತೋರ್ಸಾಕ ಸಿಂಗಾರ ಮಾಡ್ಕೊಂಡು ಬಂದೀರೇನು? ಒಲಿ ಎಲ್ಲೈತಿ? ಹಿಟ್ಟಿನ ಚೀಲ ಎಲ್ಲದಾವು? ನೀರ ಎಲ್ಲೈತಿ?"

ಎರಡನೆಯ ಸಲ ದುಡಿಮೆಯ ದಿನ ಏನೇನಿರುತ್ತದೋ ಅಷ್ಟನ್ನೂ ಹೇರಿಕೊಂಡು ಹೋದೆವು. ಗ್ರೈಂಡರು, ಸಿಲಿಂಡರುಗಳು, ಜೋಳದ ಹಿಟ್ಟು, ಅಕ್ಕಿ, ಕೊಪ್ಪರಿಗೆ, ಬೆಂಚುಗಳು, ಎರಡು ಡ್ರಮ್ಮು ತುಂಬ ನೀರು. ಈ ಸಲದ ಚೀಟಿಯನ್ನು ನಾನು ಎರಡೆರಡು ಸಲ ಓದಿದೆ. ನನ್ನ ಗಾಲಿಮನೆ ಆ ಬಿಳಿ ಕಾರಿಗಿಂತ ಭಾರವಿತ್ತು.

ಕಾಕಾ ನೆಲದ ಮೇಲೆ ಒಂದು ಸಣ್ಣ ಡಬ್ಬಿ, ಅದರ ಹಿಂದೆ ಒಂದು ದೊಡ್ಡ ಡಬ್ಬಿ ಬರೆದರು. "ಇಳುಕಲಿನ್ಯಾಗ ಕಾರು ನಿಲ್ತೀನಿ ಅಂತೈತಿ, ಮನಿ ನಡಿ ಅಂತೈತಿ. ಯಾರ ಮಾತು ನಡಿತೈತಿ?" ಆಮೇಲೆ ಗಾಲಿಮನೆಯ ಮುಂದಿನ ಕಬ್ಬಿಣದ ಮೂತಿಯನ್ನು ಒಂದೇ ಕೈಯಿಂದ ಎತ್ತಿದರು. ಅದು ತೊಟ್ಟಿಲಿನಂತೆ ಮೇಲೆದ್ದಿತು. ಪಾತ್ರೆ ತೊಳೆಯಲು ಅನುಕೂಲವೆಂದು ಡ್ರಮ್ಮುಗಳನ್ನೂ ಗ್ರೈಂಡರನ್ನೂ ನಾನು ಹಿಂಬಾಗಿಲ ಹತ್ತಿರ ಇಟ್ಟಿದ್ದೆ. ಹಿಂದೆ ಹೀಗೆ ಭಾರವಿದ್ದರೆ ಓಡುವಾಗ ಗಾಡಿಯ ಬಾಲ ಆಡುತ್ತದೆ, ಬಾಲ ಆಡಿತೆಂದರೆ ಎಳೆಯುವ ಗಾಡಿಯನ್ನೂ ಎಳೆದು ಒಗೆಯುತ್ತದೆ ಎಂದು ಹೇಳಿದರು. ಒಳಗೆ ಹತ್ತಿ, ಗಾಲಿಯ ನೇರಕ್ಕೆ ಸ್ವಲ್ಪ ಮುಂದಾಗಿ, ನೆಲದ ತಗಡಿನ ಮೇಲೆ ವೃತ್ತಗಳನ್ನು ಬರೆದರು. ಹಿಟ್ಟು ಇಲ್ಲಿ. ಗ್ರೈಂಡರ್ ಇಲ್ಲಿ. ಸಿಲಿಂಡರ್ ಇಲ್ಲಿ.

"ನೀರು?" ಎಂದೆ.

"ನೀರಿಗೆ ಜಾಗ ಇಲ್ಲ. ರಸ್ತೆಕ್ಕ ಇಳಿಯೋ ಮುಂದ ಡ್ರಮ್ಮು ಖಾಲಿ ಇರಬೇಕು."

"ನೀರು ಚೆಲ್ಲಂತೀರೇನು?" ನಾನು ನಿಜವಾಗಿಯೂ ಗಾಬರಿಯಾದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೊಡ ಹಿಡಿದು ನಿಂತು ಬೆಳೆದವಳು ನಾನು. ನಮ್ಮ ಕಡೆ ಹಾಲು ಚೆಲ್ಲಿದರೆ ಕ್ಷಮಿಸಿಯಾರು, ನೀರು ಚೆಲ್ಲಿದರೆ ಅತ್ತೆಯರು ಬಿಡುವುದಿಲ್ಲ.

"ಚೆಲ್ಲು ಅಂದ್ನೇನು? ಬಾಜೂದವರಿಗೆ ಕೊಡು, ದನಕ್ಕ ಕೊಡು. ಇನ್ನೊಂದು ಊರಾಗ ನಿನಗ ಯಾರರ ಕೊಡ್ತಾರ."

ಕೊನೆಗೆ ಅವರು ಆರಿಸಿಕೊಟ್ಟದ್ದು ಬಣ್ಣ ಹೋದ, ಬಾಗಿಲಿಗೆ ಗುದ್ದು ಬಿದ್ದ ಒಂದು ನೀಲಿ ಪಿಕಪ್ಪು. ನೋಡಿದರೆ ಅಳು ಬರಬೇಕು. ಆದರೆ ಮೈ ಭಾರ, ಚಾಸಿ ಗಟ್ಟಿ, ಮುಂದಿನ ಸೀಟಿನಲ್ಲಿ ಮೂರು ಜನ ಕೂರಬಹುದು. ಗಾಲಿಮನೆಗೂ ಬ್ರೇಕ್ ಕೂರಿಸಿದರು, ಕೊಂಡಿ ಬೆಸೆದರು, ಕೊಂಡಿ ಕಳಚಿದರೂ ಕೈಬಿಡದಂತೆ ಎರಡು ಸರಪಳಿ ಹಾಕಿದರು. ತವರಿನವರು ಆ ನೀಲಿ ಗಾಡಿಯನ್ನು ನೋಡಿ, ಕಾರು ಹಿಂದೆ ಬರುತ್ತಿದೆಯಾ ಎಂದು ಕೇಳಿದರು. ನನಗೆ ಕಾಕಾ ಮೇಲೆ ಸಿಟ್ಟು ಹಾಗೆಯೇ ಇತ್ತು.

ಆ ಸಿಟ್ಟು ಇಳಿದದ್ದು ಒಂದು ಮಧ್ಯಾಹ್ನ ಗಂಡನ ಒತ್ತಾಯಕ್ಕೆ ಅವರಿಗೆ ಬುತ್ತಿ ಕೊಡಲು ಹೋದಾಗ. ಹರೆಯದಲ್ಲಿ ಅವರು ಮುನಿರಾಬಾದ್ ಕಡೆ ಕಾಲುವೆ ಕೆಲಸದ ಒಬ್ಬ ಗುತ್ತಿಗೆದಾರನ ಹತ್ತಿರ ಇದ್ದರಂತೆ. ಒಂದು ದಿನ ಅವಸರಕ್ಕೆ ಭಾರದ ಮಷಿನ್ನೊಂದನ್ನು ಸಣ್ಣ ಜೀಪಿಗೆ ಕಟ್ಟಿದರಂತೆ. ಏರಿಯ ಇಳುಕಲಿನಲ್ಲಿ ಮಷಿನ್ನು ಜೀಪನ್ನು ನೂಕಿಕೊಂಡು ಹೋಯಿತು. ಜೀಪಿನಲ್ಲಿದ್ದ ಅವರ ತಮ್ಮನಿಗೆ ಒಂದು ಕಾಲು ಹೋಯಿತು.

"ಕೊಂಡಿ ಹಾಕಿದಾಂವ ನಾನ," ಎಂದರು. "ಕೊಂಡಿ ಗಟ್ಟಿ ಇತ್ತವ್ವ. ಗಾಡಿ ಹಗುರಿತ್ತು." ಅಷ್ಟು ಹೇಳಿ ರೊಟ್ಟಿ ಮುರಿದರು.

ಮುಂದಿನ ಸುಗ್ಗಿಗೆ ಗಂಗಾವತಿಗೆ ಹೊರಟಿದ್ದೆವು. ಗುಡ್ಡದ ಇಳುಕಲು, ಮಗಳು ನಮ್ಮಿಬ್ಬರ ನಡುವೆ ಕುಳಿತು ಶೇಂಗಾ ತಿನ್ನುತ್ತಿದ್ದಳು. ತಿರುವು ದಾಟಿದರೆ ರಸ್ತೆಯ ತುಂಬ ಕುರಿ. ನನ್ನ ಗಂಡ ಬ್ರೇಕಿನ ಮೇಲೆ ನಿಂತೇಬಿಟ್ಟ. ಹಿಂದೆ ಕೊಪ್ಪರಿಗೆಗಳು ಗಡಗಡ ಸದ್ದು ಮಾಡಿದವು, ಗಾಲಿಮನೆ ಒಮ್ಮೆ ನೂಕಿತು, ಮತ್ತೆ ನೂಕಲಿಲ್ಲ. ಗಾಡಿ ಸೊಟ್ಟಗಾಗಲಿಲ್ಲ. ಬಂಪರಿನಿಂದ ಒಂದು ಗೇಣು ದೂರದಲ್ಲಿ ಒಂದು ಮರಿ ನಮ್ಮನ್ನೇ ನೋಡುತ್ತ ನಿಂತಿತ್ತು. ಕುರಿ ಕಾಯುವವನು ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಭಾಳ ಛಲೋ ನಿಂತಿತ್ರಿ ಗಾಡಿ," ಎಂದು ಹೇಳಿ ಹೋದ. ಎಡಗಡೆ ಪ್ರಪಾತ. ಬಿಳಿ ಕಾರಾಗಿದ್ದರೆ ನಾವು ಎಲ್ಲಿರುತ್ತಿದ್ದೆವು ಎಂಬುದು ಆಗ ನನಗೆ ತಿಳಿಯಿತು.

ಮಗಳನ್ನು ಅಪ್ಪಿಕೊಂಡು ರಸ್ತೆಯ ಬದಿಗೆ ಕುಳಿತೆ. ಅಳುತ್ತಲೇ ಕಾಕಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಡ್ರಮ್ಮಿನ್ಯಾಗ ನೀರಿತ್ತೇನು?"

"ಇಲ್ರಿ ಕಾಕಾ. ಖಾಲಿ ಮಾಡ್ಕೊಂಡು ಬಂದಿದ್ವಿ."

"ಹಂಗಾರ ಇನ್ಯಾಕ ಅಳ್ತಿ? ಉಂಡು ಹೋಗ್ರಿ."

ಅವತ್ತಿನಿಂದ ಅವರು ನನ್ನ ಪಾಲಿಗೆ ತಂದೆಯ ಸಮ. ಕೊಪ್ಪಳದಲ್ಲಿದ್ದ ದಿನ ಅವರ ಬುತ್ತಿ ನಮ್ಮ ಒಲೆಯಿಂದಲೇ ಹೋಗುತ್ತಿತ್ತು. ಪ್ರತಿ ಸುಗ್ಗಿಗೆ ಮುಂಚೆ ಅವರು ಒಳಗೆ ಹತ್ತಿ ಅಳಿಸಿಹೋದ ವೃತ್ತಗಳನ್ನು ತಿದ್ದುತ್ತಿದ್ದರು. ಬಣ್ಣದಲ್ಲೇ ಬರೆಸಿಬಿಡೋಣ ಎಂದರೆ ಒಪ್ಪುತ್ತಿರಲಿಲ್ಲ. ಬಣ್ಣ ಇದ್ದರೆ ಭಾರ ಸರಿಯಿದೆಯೇ ಎಂದು ಯಾರೂ ತಿರುಗಿ ನೋಡುವುದಿಲ್ಲ ಎನ್ನುತ್ತಿದ್ದರು.

ಹೋದ ವರ್ಷ ಯಲಬುರ್ಗಾದ ಸಂತೆಯಲ್ಲಿದ್ದಾಗ ಫೋನು ಬಂತು. ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಿದ್ದ ಕಾಕಾ ಹಾಗೆಯೇ ಹೋಗಿಬಿಟ್ಟಿದ್ದರು. ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಬಂದವರ ಊಟ ನಾವೇ ನೋಡಿಕೊಳ್ಳಬೇಕು, ಗಾಲಿಮನೆ ಸಮೇತ ಹೋಗೋಣ ಎಂದೆ. ಆದರೆ ಬೆಂಚುಗಳು ಹೊರಗಿದ್ದವು, ಚೀಲಗಳು ಎಲ್ಲೆಲ್ಲೋ ಇದ್ದವು, ಡ್ರಮ್ಮು ಎರಡೂ ತುಂಬಿದ್ದವು.

"ಹಂಗ ಹೋಗೂಣು, ಮಣ್ಣಿಗೆ ತಡಾ ಆಗತೈತಿ," ಎಂದ ನನ್ನ ಗಂಡ, ಕಣ್ಣೀರು ಒರೆಸಿಕೊಳ್ಳುತ್ತ.

"ಇಲ್ಲ," ಎಂದೆ. ಗ್ರೈಂಡರನ್ನು ಅದರ ವೃತ್ತದಲ್ಲಿಟ್ಟೆವು, ಹಿಟ್ಟನ್ನು ಅದರ ವೃತ್ತದಲ್ಲಿಟ್ಟೆವು. ಸಂತೆಯ ಹೆಣ್ಣುಮಕ್ಕಳನ್ನು ಕರೆದು ಕೊಡ ಕೊಡವಾಗಿ ನೀರು ಕೊಟ್ಟೆ. ಡ್ರಮ್ಮುಗಳು ಖಾಲಿಯಾಗುವವರೆಗೆ ಜೀವ ಹಿಡಿಯಷ್ಟಾಯಿತು.

ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದಿತ್ತು. ಜನ ಸ್ನಾನ ಮಾಡಿ ತಿರುಗಿ ಬರುತ್ತಿದ್ದರು. ನಾನು ಕಾಕಾ ಅವರ ಹೆಂಡತಿಯ ಮುಂದೆ ಕುಳಿತು, ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ, ತಡವಾಯಿತು ಎಂದು ಗೋಳೋ ಎಂದು ಅತ್ತೆ.

ಆ ತಾಯಿ ನನ್ನ ತಲೆಯ ಮೇಲೆ ಕೈಯಿಟ್ಟು, ಹೊರಗೆ ನಿಂತಿದ್ದ ಗಾಲಿಮನೆಯನ್ನು ನೋಡಿದರು.

"ನೀರು ಖಾಲಿ ಮಾಡ್ಕೊಂಡು ಬಂದ್ರೇನು?"

"ಹೂಂನ್ರಿ."

"ಹಂಗಾರ ತಡಾ ಆಗಿಲ್ಲ ಬಿಡು."

ನಾನು ಎದ್ದು ಹೋಗಿ ಅವರ ಮನೆಯ ನೀರನ್ನೇ ಡ್ರಮ್ಮಿಗೆ ತುಂಬಿಸಿಕೊಂಡು ಗಾಲಿಮನೆಯ ಒಲೆ ಹಚ್ಚಿದೆ.