ಕೊನೆಯ ಹಾಳೆ ಇಲ್ಲದ ಗೂಢಚಾರ

ಬಳ್ಳಾರಿಯ ಬ್ರೂಸ್‌ಪೇಟೆಗೆ ಬೆಲ್ಲ ಕೊಳ್ಳಲು ಹೋದವಳು ಗೋಡೆಯ ಪೋಸ್ಟರ್ ನೋಡಿ ನಿಂತುಬಿಟ್ಟೆ. ಕೈಚೀಲ, ಪೆನ್ಸಿಲ್, ನದಿ ದಂಡೆ. ಚಿಕ್ಕಂದಿನಲ್ಲಿ ಓದಿದ್ದ ಗೂಢಚಾರರ ಕಾಮಿಕ್ಸ್ ಪುಸ್ತಕವೇ ಈಗ ಸಿನಿಮಾ ಆಗಿ ಬಂದಿತ್ತು. "ಅಕ್ಕಾರ, ಬೆಲ್ಲ ಬೇಕೋ ಬ್ಯಾಡೋ?" ಎಂದು ಅಂಗಡಿಯವನು ಎರಡು ಸಲ ಕೇಳಿದನಂತೆ. ನಾನು ಪೋಸ್ಟರ್‌ಗೆ ಬೆನ್ನು ಹಾಕಿ ನಿಂತೆ. ಐವತ್ತು ದಾಟಿದ ಹೆಂಗಸು ಪೋಸ್ಟರ್‌ಗೆ ಹೆದರುವುದೇ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ನಾವಾಗ ಸಿರುಗುಪ್ಪದಲ್ಲಿದ್ದೆವು. ಸೈಕಲ್ ಅಂಗಡಿಯ ಹುಸೇನ್ ಸಾಬರು ಕಾಮಿಕ್ಸ್ ಪುಸ್ತಕಗಳನ್ನೂ ಬಾಡಿಗೆಗೆ ಕೊಡುತ್ತಿದ್ದರು. ಒಯ್ದವರು ವಾಪಸು ತರುವುದಿಲ್ಲವೆಂದು ಅವರೊಂದು ಉಪಾಯ ಹೂಡಿದ್ದರು: ಪ್ರತಿ ಪುಸ್ತಕದ ಕೊನೆಯ ಹಾಳೆ ಕಿತ್ತು ಪಂಕ್ಚರ್ ಸಾಮಾನಿನ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು. "ಪುಸ್ತಕ ತಗಂಡು ಬಾ ಬೇಟಿ, ಕಳ್ಳ ಯಾರಂತ ಇಲ್ಲೇ ನಿಂತು ಓದು" ಎನ್ನುತ್ತಿದ್ದರು. ಓದುವ ಹುಚ್ಚಿನ ಮಕ್ಕಳೆಲ್ಲ ಗ್ರೀಸಿನ ವಾಸನೆಯಲ್ಲೇ ಕತೆ ಮುಗಿಸಿದವರು.

ಆ ಗೂಢಚಾರರ ಪುಸ್ತಕವನ್ನು ರಜೆಗೆಂದು ಕೆಂಚನಗುಡ್ಡದ ದೊಡ್ಡಪ್ಪನ ಮನೆಗೆ ಒಯ್ದಿದ್ದೆ. ಕತೆಯಲ್ಲಿ ಕೈಚೀಲದವನೊಬ್ಬ ನದಿ ದಂಡೆಯಲ್ಲಿ ಕೂತು ನಕ್ಷೆ ಬರೆಯುತ್ತಾನೆ. ಶತ್ರುವಿನ ಕಡೆಯವನೆಂದು ಊರೆಲ್ಲ ಅವನ ಬೆನ್ನಟ್ಟುವಲ್ಲಿಗೆ ನನ್ನ ಪುಟಗಳು ಮುಗಿದವು. ತಲೆಯೆತ್ತಿದರೆ, ತುಂಗಭದ್ರೆಯ ದಂಡೆಯಲ್ಲಿ ಕೈಚೀಲದವನೊಬ್ಬ ಕೂತು ಪೆನ್ಸಿಲ್ ಆಡಿಸುತ್ತಿದ್ದಾನೆ! ಓಡಿಹೋಗಿ ಅರಚಿದೆ: "ದೊಡ್ಡಪ್ಪಾ, ಗೂಢಚಾರ ಬಂದಾನ! ನಮ್ಮೂರ ನಕ್ಷಿ ಬರಿಯಾಕತ್ಯಾನ!"

ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಊರಲ್ಲಿ ಆಗಲೇ ಹಬ್ಬಿತ್ತು. ಹತ್ತು ಜನ ಸೇರಿ, ಕೇಳುವ ಮೊದಲೇ ಕೈ ಮಾಡಿದರು.

"ಹೊಡಿಬ್ಯಾಡ್ರೀ, ಕುರುಗೋಡಿನ ಡ್ರಾಯಿಂಗ್ ಮಾಸ್ತರ ಅದೀನಿ! ಹಳೇ ಗ್ವಾಡಿ ಚಿತ್ರ ಬರಿಯಾಕ ಬಂದೀನ್ರೀ!"

ಕನ್ನಡಕ ಒಡೆಯಿತು, ಚಿತ್ರಗಳು ಹೊಳೆ ಪಾಲಾದವು. ತುಟಿಯ ರಕ್ತ ಒರೆಸಿಕೊಳ್ಳುತ್ತ ಅವರು ನನ್ನನ್ನು ಕೇಳಿದರು: "ನಾನೇನು ಮಾಡಿದ್ನೆವ್ವಾ ನಿನಗ?" ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತೆ.

ಆ ಪುಸ್ತಕ ವಾಪಸು ಕೊಡಲೇ ಇಲ್ಲ. ಕೊಟ್ಟರೆ ಕೊನೆಯ ಹಾಳೆ ಓದಬೇಕಲ್ಲ! ಹುಸೇನ್ ಸಾಬರು ದೂರದಲ್ಲಿ ಕಂಡರೂ ಸಂದಿ ಹಿಡಿಯುತ್ತಿದ್ದೆ. ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರಕ್ಕೆ ಬಂದ ಮೇಲೂ ಅದೇ ಹಣೆಬರಹ. ಕುರುಗೋಡಿನಲ್ಲಿ ಯಾರದೇ ಮದುವೆಯಿರಲಿ, ಆ ದಿನ ನನಗೆ ತಪ್ಪದೆ ತಲೆನೋವು.

ಇವತ್ತು ಗಂಡನನ್ನು ಎಳೆದುಕೊಂಡು ಮ್ಯಾಟಿನಿಗೆ ಹೋದೆ. ಕೊನೆಯ ಹತ್ತು ನಿಮಿಷ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೂತಿದ್ದೆ. ಕೈಚೀಲದವನು ಗೂಢಚಾರನೇ ಅಲ್ಲ, ಬರೀ ಚಿತ್ರ ಬರೆಯುವವನು. ಪುಸ್ತಕದಲ್ಲೂ ಹೀಗೇ ಇತ್ತೋ, ಸಿನಿಮಾದವರು ತಿದ್ದಿದರೋ, ಹೇಳಲು ಈಗ ಹುಸೇನ್ ಸಾಬರಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಪಿಚ್ಚರ್ ನೋಡಿ ಯಾರರ ಹಿಂಗ ಅಳ್ತಾರೇನ?" ಎಂದರು ಇವರು.

"ನಾಳಿ ಕುರುಗೋಡಿಗೆ ಹೋಗೂಣ್ರಿ."

"ನಿನಗ ತಲಿನೋವು ಬರೂದಿಲ್ಲೇನು?"

ಇಷ್ಟು ವರ್ಷ, ಮಾಸ್ತರರು ಎಲ್ಲಾದರೂ ಎದುರಾದಾರೆಂದು ಹೆದರಿದ್ದೆ. ಈಗ ಅವರ ಬಾಗಿಲು ತಟ್ಟಿದಾಗ, ಅವರಿಲ್ಲ ಎಂದು ಯಾರಾದರೂ ಹೇಳಿಬಿಟ್ಟಾರೆಂದು ಹೆದರಿಕೆ.