ಅಕ್ಕನ ಬಲಗೆನ್ನೆ

ಅಂಬತ್ತೂರಿನ ಬ್ಯಾಂಕಿನಿಂದ ಮನೆಗೆ ಬರುವಾಗ ಅಕ್ಕ ಕೂತಿದ್ದ ಆಟೋ ಮಗುಚಿಕೊಂಡಿತು. ಜೀವಕ್ಕೇನೂ ಆಗಲಿಲ್ಲ. ಬಲಗೆನ್ನೆಯ ಮೂಳೆ ಮಾತ್ರ ಪುಡಿಯಾಗಿ, ಮುಖದ ಆ ಭಾಗ ಒಳಕ್ಕೆ ಕುಸಿದಿತ್ತು.

ಪ್ಲಾಸ್ಟಿಕ್ ಸರ್ಜನ್ ಚಿಕ್ಕ ವಯಸ್ಸಿನ ತಮಿಳರು. ಅಕ್ಕನನ್ನು, ಅವಳ ಮಗಳನ್ನು ಮತ್ತು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡರು. ಸ್ಕ್ಯಾನ್ ನೋಡಿ ಎಐ ಮುರಿದ ಮೂಳೆಯ ಆಕಾರವನ್ನು ಅಂದಾಜು ಮಾಡುತ್ತದೆ, ಆ ಅಳತೆಗೇ ಲೋಹದ ಪ್ಲೇಟ್ ಮಾಡಿಸಿ ಒಳಗೆ ಕೂರಿಸುತ್ತೇವೆ ಎಂದರು. ಪರದೆಯ ಮೇಲೆ ಆಪರೇಷನ್ ನಂತರದ ಮುಖ ಮೂಡಿತು. ಎರಡೂ ಕೆನ್ನೆ ಒಂದೇ ಸಮ.

"ಅಮ್ಮಾ, ಸೂಪರಾ ಇರುಕ್ಕು ಮಾ," ಎಂದಳು ಮಗಳು. ಇಲ್ಲೇ ತಮಿಳರ ನಡುವೆ ಬೆಳೆದು ಓದಿದವಳು, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ.

ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗಿದಾಳೆ. ಆದ್ರೆ ಇವ್ಳು ನಾನಲ್ಲ ಕಣೇ," ಎಂದಳು.

ಮಗಳು ಅದನ್ನು ತಮಿಳಿನಲ್ಲಿ ಹೇಳಿದಾಗ ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಎಡಗೆನ್ನೆಯನ್ನು ನೋಡಿ ಎಐ ಬಲಗೆನ್ನೆಯನ್ನು ಊಹಿಸಿದೆ, ಹಳೆಯ ಫೋಟೋಗಳಿದ್ದರೆ ತನ್ನಿ ಎಂದರು.

ಅಟ್ಟದಿಂದ ಅಪ್ಪನ ಕಾಲದ ಸೂಟ್‌ಕೇಸ್ ಇಳಿಸಿದೆ. ನಾವು ಬೆಳೆದ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್ ಅಷ್ಟೂ ಫೋಟೋಗಳಾಗಿ ಅದರೊಳಗಿತ್ತು. ತಾರಸಿಯಲ್ಲಿ ಅಮ್ಮ ಒಣಗಹಾಕಿದ ಸಂಡಿಗೆ, ಕಾಗೆ ಓಡಿಸಲು ಕೋಲು ಹಿಡಿದು ಕೂತ ನಾವಿಬ್ಬರು. ಮಂಡ್ಯದಿಂದ ಬಂದು ವರ್ಕ್‌ಶಾಪ್ ಸೇರಿದ ಅಪ್ಪ, ನೀಲಿ ಅಂಗಿಯಲ್ಲಿ. ಸಂಜೆ ಸೈರನ್ ಕೂಗಿದರೆ ಗೇಟಿಗೆ ಓಡುತ್ತಿದ್ದೆವು. ಅಕ್ಕನಿಗೆ ಸೈಕಲ್ಲಿನ ಮುಂದಿನ ಬಾರ್, ನನಗೆ ಕ್ಯಾರಿಯರ್. ಅಪ್ಪನ ಅಂಗಿಯ ಗ್ರೀಸ್ ವಾಸನೆ ನನ್ನ ಮೂಗಿಗೆ ಬಡಿಯುತ್ತಿತ್ತು. ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಈಗ ಎಲ್ಲಾದರೂ ಆ ವಾಸನೆ ಬಂದರೆ ನಿಂತುಬಿಡುತ್ತೇನೆ.

ನಗುವ ಫೋಟೋಗಳನ್ನು ಆರಿಸುವಾಗಲೇ ನಾನು ಸರಿಯಾಗಿ ನೋಡಿದ್ದು: ಅಪ್ಪನ ಬಲಗೆನ್ನೆ ಎಡಕ್ಕಿಂತ ಒಂದಿಷ್ಟು ಎತ್ತರ. ಚಿಕ್ಕಂದಿನಿಂದ ಮದುವೆಯವರೆಗಿನ ಫೋಟೋಗಳಲ್ಲಿ ಅಕ್ಕನದೂ ಹಾಗೆಯೇ. ಪಕ್ಕದ ಮನೆಯ ಮಾಮಿ "ಅಪ್ಪಡಿಯೇ ಅಪ್ಪಾ!", ಥೇಟ್ ಅಪ್ಪನೇ, ಎಂದು ಅವಳ ಕೆನ್ನೆ ಹಿಂಡುತ್ತಿದ್ದುದು ನೆನಪಾಯಿತು.

ಫೋಟೋಗಳನ್ನು ಇಟ್ಟುಕೊಂಡು ಡಾಕ್ಟರು ಅಳತೆ ತಿದ್ದಿದರು. ಮರುವಾರ ಪರದೆಯ ಮೇಲೆ ಬೇರೆ ಮುಖ ಬಂತು. ಅಕ್ಕ ಕೈ ಚಾಚಿ ಅದರ ಬಲಗೆನ್ನೆ ಮುಟ್ಟಿದಳು.

"ಅಪ್ಪ," ಎಂದಳು. ಅವಳ ಕಣ್ಣು ತುಂಬಿತ್ತು.

"ಮೂಳೆಯನ್ನು ಕೂರಿಸುವುದು ನನ್ನ ಕೆಲಸ. ನರ ಮಾತ್ರ ತಾನಾಗಿ ಚೇತರಿಸಿಕೊಳ್ಳಬೇಕು. ನಗು ಮೊದಲಿನ ಹಾಗೇ ಬರುತ್ತದೆಂದು ಮಾತು ಕೊಡಲಾರೆ, ಅಮ್ಮಾ," ಎಂದರು ಡಾಕ್ಟರು ತಮಿಳಿನಲ್ಲಿ.

"ಬಂದಷ್ಟು ಬರಲಿ," ಎಂದಳು ಅಕ್ಕ.

ಆಪರೇಷನ್ ಆಯಿತು. ಬಾವು ಇಳಿಯಲು ತಿಂಗಳುಗಳೇ ಹಿಡಿದವು. ಕುಸಿದಿದ್ದ ಕೆನ್ನೆ ಮತ್ತೆ ಎದ್ದು ನಿಂತಿದೆ. ಕಣ್ಣಿನ ಕೆಳಗೆ ಒಂದು ಜಾಗ ಇನ್ನೂ ಮರಗಟ್ಟಿದೆ. ನಗುವಾಗ ಬಲಗಡೆ ಕೊಂಚ ತಡವಾಗಿ ಏಳುತ್ತದೆ. ಅವಳು ಮತ್ತೆ ಬ್ಯಾಂಕಿಗೆ ಹೋಗುತ್ತಿದ್ದಾಳೆ.

ಫೋಟೋಗಳೆಲ್ಲ ಈಗ ಮಗಳ ಫೋನಿನಲ್ಲಿವೆ. ಭಾನುವಾರ ಊಟವಾದ ಮೇಲೆ ಒಂದೊಂದನ್ನೇ ತೆಗೆದು, "ಚಿತ್ತಿ, ಇದು ಯಾರು?" ಎಂದು ತಮಿಳಿನಲ್ಲೇ ಚಿಕ್ಕಮ್ಮನಾದ ನನ್ನನ್ನು ಕೇಳುತ್ತಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕನ್ನಡದಲ್ಲಿ ಹೇಳಲು ಶುರುಮಾಡಿರುತ್ತಾಳೆ.