ನಡುವ ಬಂದ ಚೆಂಡು

ಟೆನಿಸ್ ಅಂದ್ರ ದೊಡ್ಡ ಮಂದಿ ಆಟ ಅಂತಾರ. ಖರೇನ. ತೊಂಬತ್ತರ ದಶಕದಾಗ ಬೈಲಹೊಂಗಲದ ಕ್ಲಬ್ಬಿನ್ಯಾಗ ಕೆಂಪು ಗರಸಿನ ಕೋರ್ಟ್ ಒಂದಿತ್ತು. ಸಂಜೀಕ ಡಾಕ್ಟರು, ವಕೀಲರು, ಸಾಹೇಬ್ರು ಅಲ್ಲಿ ಕೂಡತಿದ್ರು. ನಾನು ಔಷಧಿ ಅಂಗಡಿಯಾವ, ನನ್ನ ಯಾರ್ ಕರೀತಾರ? ಡಬಲ್ಸ್ ಆಡಾಕ ಒಬ್ಬಾವ ಕಡಿಮಿ ಬಿದ್ದಾಗ "ಬಾರಪಾ, ನೀನ ನಿಲ್ಲು" ಅಂತ ಕೈಯಾಗ ರ್ಯಾಕೆಟ್ ಕೊಟ್ರು. ಮುಂದ ನನ್ನ ಜೋಡಿ ಆದಾವನೂ ಹಂಗ ಬಂದಾವ. ಡಾಕ್ಟರ ಜೀಪ್ ಹೊಡಿಯಾವ, ಮುರಗೋಡದ ಮುಸಲ್ಮಾನರ ಮನಿಯಾವ. ಬೇವಿನ ನೆಳ್ಳಾಗ ಕುಂತು ಆಟ ನೋಡಿ ನೋಡಿನ ಕಲ್ತಿದ್ದ. ನಮ್ಮ ಜೋಡಿ ಆಡಾಕ ಉಳಿದಾವರು ಮಾರಿ ತಿರುವಿದ್ದಕ್ಕ ನಾವಿಬ್ರೂ ಜೋಡಿ ಆದ್ವಿ.

ಕೋರ್ಟಿನ ಹೊರಗ ಅಂವ ನನಗ "ಅಣ್ಣಾರ" ಅಂತಿದ್ದ, ಅಂಗಡಿಗೆ ಬಂದ್ರ ಚಪ್ಪಲ್ ಹೊರಗ ಬಿಡತಿದ್ದ. ಸುಣ್ಣದ ಗೆರಿ ದಾಟಿ ಒಳಗ ಬಂದ ಅಂದ್ರ ಮುಗೀತು, ದೊರಿ ಆಗತಿದ್ದ. ಇಬ್ಬರ ನಡುವ ಚೆಂಡು ಬಂತಂದ್ರ "ಸರೀಲೇ!" ಅಂತ ಒದರಿ, ನನ್ನ ಭುಜಕ್ಕ ಭುಜ ಬಡದು, ದಾಟಿ ಹೋಗಿ ಹೊಡೀತಿದ್ದ. ನಮ್ಮಪ್ಪ ಸೈತ ನನಗ ಹಂಗ ಒದರಿದಾವಲ್ಲ. ಮೊದಮೊದಲ ಸಿಟ್ಟು ನೆತ್ತಿಗೇರತಿತ್ತು. ಆಮ್ಯಾಲೆ ಏನಾತೋ, ಆ ಬೈಗಳ ಕೇಳಾಕಂತನ ಅಂಗಡಿ ಲಗೂ ಮುಚ್ಚಾಕ ಹತ್ತಿದ್ನಿ. ನಡುವ ಬಂದ ಚೆಂಡು ಅಂವಂದು. ಅದನ್ನ ನಾವು ಕುಂತು ಮಾತಾಡಿ ಠರಾವು ಮಾಡಿದ್ದಲ್ಲ.

ವರ್ಷಕ್ಕೊಮ್ಮೆ ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗದಾವರು ಕೂಡಿ ಡಬಲ್ಸ್ ಪಂದ್ಯ ನಡಸತಿದ್ರು. ಚಲೋ ಆಡಾವರು ಎ ಗ್ರೇಡ್, ನಮ್ಮಂಥಾವರು ಬಿ ಗ್ರೇಡ್. ಜೋಡಿಯಾಗಿನ ಇಬ್ರೂ ಒಂದ ಗ್ರೇಡಿನಾವರ ಇರಬೇಕು, ಯಾರು ಯಾವ ಗ್ರೇಡ್ ಅಂತ ಹೇಳಾಕ ಒಂದು ಕಮಿಟಿ. ಭಾಳ ವರ್ಷ ಸೋತು ಸೋತು, ಒಮ್ಮೆ ರಾಮದುರ್ಗದಾಗ ನಾವು ಬಿ ಗ್ರೇಡ್ ಗೆದ್ವಿ! ಅಂವ ನನ್ನ ಎತ್ತಿಕೊಂಡು ಕೋರ್ಟ್ ತುಂಬ ಓಡ್ಯಾಡಿದ.

ಸುಡ್ಲಿ, ಅಲ್ಲೇ ಕೆಟ್ಟಿದ್ದು. ಸತ್ಕಾರದಾಗ ನನಗ ಶಾಲು ಹೊದಿಸಿ ಕಮಿಟಿ ಅಧ್ಯಕ್ಷರು ಮೈಕಿನ್ಯಾಗ ಹೇಳಿದ್ರು: "ಇವರ ಆಟ ಮೆಚ್ಚಿ ಕಮಿಟಿ ಇವರನ್ನ ಎ ಗ್ರೇಡಿಗೆ ಏರಿಸೇತಿ." ಇವರನ್ನ ಅಂದ್ರ ನನ್ನೊಬ್ಬನ್ನ. ನೆಟ್ಟಿನ ಹಂತ್ಯಾಕ ನಿಂತು ಕಡೀ ಏಟು ಬಡದಾವ ನಾನು, ಅದು ಎಲ್ಲಾರ ಕಣ್ಣಿಗೆ ಬಿದ್ದಿತ್ತು. ಹಿಂದ ಸತ್ತುಬಿದ್ದು ಓಡಿದಾವನ್ನ ಯಾರು ನೋಡತಾರ? ಒಲ್ಲೆ ಅನ್ನಬೇಕಂದ್ರ ಶಾಲು ಹೆಗಲ ಮ್ಯಾಲೆ ಐತಿ, ಮಂದಿ ಚಪ್ಪಾಳಿ ತಟ್ಟಾಕ ಹತ್ಯಾರ. ನಮ್ಮ ಕಡೆ ಹೊದಿಸಿದ ಶಾಲು ತಗದು ಕೊಟ್ರ ಹೊದಿಸಿದಾವರ ಮಾರಿಗೆ ಹೊಡದಂಗ. ಎಲ್ಲಾರಕ್ಕಿಂತ ಜೋರ್ ಚಪ್ಪಾಳಿ ಹೊಡದಾವ ಅಂವನ.

ವಾಪಸ್ ಬರೂಮುಂದ ತೊರಗಲ್ ದಾಟಿದ ಮ್ಯಾಲೆ, ಜೀಪ್ ಹೊಡಕೋತನ "ಶಾಲು ಛಂದ ಐತ್ರಿ ಅಣ್ಣಾರ" ಅಂದ.

ಮುಂದ ನನಗ ಕಿತ್ತೂರಿನ ವಕೀಲರೊಬ್ಬರು ಜೋಡಿ ಆದ್ರು. ಭಾಳ ಮರ್ಯಾದಸ್ತ ಮನಷ್ಯಾ. ನಡುವ ಚೆಂಡು ಬಂದ್ರ "ನಿಮ್ಮದ್ರಿ" ಅಂತಿದ್ರು, ನಾ "ಇಲ್ರಿ, ನಿಮ್ಮದ" ಅಂತಿದ್ನಿ. ವರ್ಷಾ ಮೊದಲ ಆಟದಾಗ ಮನೀಗೆ. ಅಂವಗ ಸವದತ್ತಿ ಮಾಸ್ತರೊಬ್ರು ಗಂಟು ಬಿದ್ರು, ಅವರದೂ ಅದ ಹಾಡು. ಊರ ಕ್ಲಬ್ಬಿನ್ಯಾಗೂ ಎ ಗ್ರೇಡಿನಾವ ಅಂತ ನನ್ನ ಸಾಹೇಬ್ರ ಜೋಡಿನ ನಿಲ್ಲಸತಿದ್ರು. ಅಂವ ಬೇವಿನ ಬುಡಕ್ಕ ಕುಂತು ನೋಡತಿದ್ದ.

ಪ್ರತಿ ವರ್ಷ ಪಂದ್ಯದ ಮುಂಚೆ ಅಧ್ಯಕ್ಷರ ಮನೀಗೆ ಹೋಗತಿದ್ನಿ. "ನನ್ನ ಕೆಳಗ ಇಳಸ್ರಿ."

"ಛೇ ಛೇ! ಶಾಲು ಹೊದಿಸಿದ ಕೈಲೆ ಇಳಸೂದೇನ್ರಿ? ಅಪಮಾನ ಆಗ್ತದ."

"ನನಗ ಆಗ್ಲಿ ಬಿಡ್ರಿ."

"ನಿಮಗಲ್ರಿ, ಕಮಿಟಿಗೆ!" ಅಂತ ಚಹಾ ಕುಡಿಸಿ ಕಳಸತಿದ್ರು.

ಎರಡು ಸಾವಿರ ಇಸ್ವಿ ದಾಟಿದ ಮ್ಯಾಲೆ ಹೊಸಾ ಅಧ್ಯಕ್ಷರು ಬಂದ್ರು. ವರ್ಷಾ ಸೋಲತಾನಂತ, ನಾ ಕೇಳೂದಕ್ಕಿಂತ ಮೊದಲ ನನ್ನ ಬಿ ಗ್ರೇಡಿಗೆ ದಬ್ಬಿದ್ರು. ಕೆಳಗ ಇಳಿಸಿದ್ದಕ್ಕ ಓಣಿಗೆಲ್ಲಾ ಪೇಡೆ ಹಂಚಿದ ಹುಚ್ಚ ಯಾವನರ ಇದ್ರ ಅಂವ ನಾನ. ಅಂವ ಅಷ್ಟೊತ್ತಿಗೆ ಸ್ವಂತ ಟ್ರ್ಯಾಕ್ಸ್ ಗಾಡಿ ಓಡಸತಿದ್ದ, ಮೀಸಿ ಬೆಳ್ಳಗಾಗಿದ್ದುವು. "ಆಡೂಣ್ರಿ ಅಣ್ಣಾರ" ಅಂತ ನಕ್ಕ.

ಸವದತ್ಯಾಗ ಪಂದ್ಯ. ಎರಡನೇ ಚೆಂಡ ನಡುವ ಬಂತು. ನಾ ಭುಜ ಸಡ್ಲ ಬಿಟ್ಟು ನಿಂತ್ನಿ, ಈಗ ಬಡೀತಾನ ಅಂತ. ಅಂವ ಹಿಂದ ಸರದು ನಿಂತಿದ್ದ. ಚೆಂಡು ಇಬ್ಬರ ನಡುವ ಹಾದು ಹೋತು. ಮತ್ತೊಮ್ಮೆನೂ ಹಂಗ ಆತು.

"ಬೈಯೋ ಮಾರಾಯಾ! ಬೈದು ದಾಟು!" ಅಂತ ನಾನ ಒದರಿದ್ನಿ.

"ದೊಡ್ಡ ಮಂದಿ ಜೋಡಿ ಎ ಗ್ರೇಡ್ ಆಡಿ ಬಂದಾವರು ನೀವು. ನಿಮ್ಮನ್ನ ದಾಟಿ ಹೆಂಗ ಹೊಡೀಲ್ರಿ?"

"ಅದನ್ನ ತಗದಾರಲ್ಲೋ!"

ಅಂವ ರ್ಯಾಕೆಟಿನ ದಾರ ಕೆದರಕೋತ ನಿಂತ. "ಅವರು ತಗದಾರ್ರೀ. ನನಗ ತಗಿಯಾಕ ಬರವಲ್ದು."

ಸೋತ್ವಿ. ಕಡೀ ಚೆಂಡೂ ನಡುವ ಬಂದದ್ದ. ಮರುವರ್ಷ ನಾನೂ ಹೆಸರು ಕೊಡಲಿಲ್ಲ, ಅಂವನೂ ಕೊಡಲಿಲ್ಲ.

ಈಗೂ ಅಂಗಡಿ ಮುಂದ ಹಾದು ಹೋಗೂಮುಂದ ಟ್ರ್ಯಾಕ್ಸ್ ನಿಲ್ಲಿಸಿ, ಕೆಳಗಿಳದು, ಎರಡೂ ಕೈ ಎತ್ತಿ ನಮಸ್ಕಾರ ಮಾಡ್ತಾನ. ಆ ನಮಸ್ಕಾರ ನನಗ ಬ್ಯಾಡ.